2013ರ ಗೇಮಿಂಗ್ ಲ್ಯಾಪ್‌ಟಾಪ್, 4ಕೆ ಟಿವಿಲಿ 30 ಹರ್ಟ್ಸ್ ದಾಟ್ತಿಲ್ಲ, ಗ್ರಾಫಿಕ್ಸ್ ಕಾರ್ಡ್ ಬದಲಿಸಿದ್ರೆ ಸರಿಹೋಗತ್ತಾ?

ತುಮಕೂರು_ಗೇಮರ್
ಎಲ್ರಿಗೂ ನಮಸ್ಕಾರ. ನನ್ ಹತ್ರ ಇರೋದು ಎಂಎಸ್‌ಐ ಜಿಟಿ ಸೀರೀಸ್, ಐ7 4700ಎಂಕ್ಯೂ, ಜಿಟಿಎಕ್ಸ್ 770ಎಂ ಗ್ರಾಫಿಕ್ಸ್ ಕಾರ್ಡ್. ಈಗ ಮನೇಲಿರೋ 43 ಇಂಚಿನ 4ಕೆ ಟಿವಿನೇ ಮಾನಿಟರ್ ಥರ ಬಳಸ್ಬೇಕು ಅಂತಿದೀನಿ, ಅದ್ರಲ್ಲಿ ಎಚ್‌ಡಿಎಂಐ ಬಿಟ್ರೆ ಬೇರೆ ಪೋರ್ಟ್ ಇಲ್ಲ. 3840x2160 ಬರತ್ತೆ ಆದ್ರೆ ಬರೀ 30 ಹರ್ಟ್ಸ್ (ಸೆಕೆಂಡಿಗೆ 30 ಸಲ ಚಿತ್ರ ಬದಲಾಗೋದು), ಮೌಸ್ ಎಳೆದ್ರೆ ತಡವರಿಸತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮಿನಿ ಡಿಸ್‌ಪ್ಲೇಪೋರ್ಟ್ ಕನ್ವರ್ಟರ್ ತಂದು ಹಾಕಿದ್ರೂ ಅಷ್ಟೇ. ಡ್ರೈವರಲ್ಲಿ 60 ಆಯ್ಕೆ ಮಾಡಿದ್ರೆ ಬರತ್ತೆ, ಆದ್ರೆ ಅಕ್ಷರ ಎಲ್ಲ ಮಸುಕು, ಕಪ್ಪು ಮೇಲೆ ಕೆಂಪು ಅಕ್ಷರ ಅಂತೂ ಓದಕ್ಕೇ ಆಗಲ್ಲ. ಎಂಎಕ್ಸ್‌ಎಂ ಸ್ಲಾಟ್ (ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸೋ ಜಾಗ) ಇದೆಯಲ್ಲ, ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 970ಎಂ ಹಾಕಿದ್ರೆ ಎಚ್‌ಡಿಎಂಐ 2.0 ಸಿಗತ್ತಾ?

ಬೆಸುಗೆಕಡ್ಡಿ
ಸ್ವಲ್ಪ ತಡೀರಿ, ಇದಕ್ಕೋಸ್ಕರ ಕಾರ್ಡಿಗೆ ದುಡ್ಡು ಹಾಕ್ಬೇಡಿ. ನಿಮ್ಮ ಲ್ಯಾಪ್‌ಟಾಪಲ್ಲಿರೋದು ಎಚ್‌ಡಿಎಂಐ 1.4, ಅದು ಪಿಕ್ಸೆಲ್ ಕಳ್ಸೋ ವೇಗದ ಮಿತಿ 340 ಮೆಗಾಹರ್ಟ್ಸ್, 4ಕೆ 30ಕ್ಕೆ 297 ಸಾಕು ಅದಕ್ಕೇ ಬರ್ತಿದೆ, 60ಕ್ಕೆ 594 ಬೇಕು. 970ಎಂ ಚಿಪ್ಪಿಗೆ 2.0 ಗೊತ್ತಿದ್ರೂ ಎಂಎಕ್ಸ್‌ಎಂ ಕಾರ್ಡಲ್ಲಿ ಪೋರ್ಟೇ ಇರಲ್ವಲ್ಲ, ಸಿಗ್ನಲ್ ಸ್ಲಾಟಿಂದ ಮದರ್‌ಬೋರ್ಡಿಗೆ ಇಳಿದು ಅಲ್ಲಿರೋ ಲೆವೆಲ್ ಶಿಫ್ಟರ್ (ಸಿಗ್ನಲ್ ವೋಲ್ಟೇಜನ್ನ ಎಚ್‌ಡಿಎಂಐಗೆ ಹೊಂದಿಸೋ ಚಿಪ್) ದಾಟಿ ಹೊರಗೆ ಬರ್ಬೇಕು, ಆ ಕಾಲದ ಬೋರ್ಡಲ್ಲಿ ಅದನ್ನ ಹಾಕಿರೋದು 1.4ರ ಲೆಕ್ಕಕ್ಕೆ. ದೊಡ್ಡ ಟ್ಯಾಂಕ್ ಕೂರಿಸಿ ಪೈಪ್ ಮಾತ್ರ ಹಳೇ ಅರ್ಧ ಇಂಚಿಂದೇ ಬಿಟ್ಟಂಗೆ.

ಮಸುಕಿಗೆ ಕಾರಣ 4:2:0 ಅನ್ನೋ ಬಣ್ಣ ಉಳಿಸೋ ವಿಧಾನ. 2014ರಿಂದ ಕೆಪ್ಲರ್ (ನಿಮ್ಮ 770ಎಂ ಪೀಳಿಗೆ) ಕಾರ್ಡ್‌ಗಳ ಡ್ರೈವರಲ್ಲಿ ಇದು ಬಂತು, ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣದ ಮಾಹಿತಿ ಕಳಿಸಿ 60ನ ತೂರಿಸತ್ತೆ. ಸಿನಿಮಾಗೆ ಪರವಾಗಿಲ್ಲ, ಓದೋ ಕೆಲಸಕ್ಕೆ ಬೇಡ.

ನಿಮ್ಮ ಕನ್ವರ್ಟರ್ ಪ್ಯಾಸಿವ್ ಅನ್ಸತ್ತೆ. ಅದು ಏನನ್ನೂ ಬದಲಾಯಿಸಲ್ಲ, ಆ ಪೋರ್ಟಿಂದ ಕಾರ್ಡೇ ಎಚ್‌ಡಿಎಂಐ ಸಿಗ್ನಲ್ ಕಳ್ಸೋ ಹಂಗೆ ಮಾಡತ್ತೆ, ಹಾಗಾಗಿ ಹಳೇ ಮಿತಿನೇ ಉಳ್ಕೊಳತ್ತೆ. ಬೇಕಿರೋದು ಆ್ಯಕ್ಟಿವ್, ಅಂದ್ರೆ ಸಿಗ್ನಲ್ಲನ್ನ ತಾನೇ ಬದಲಾಯಿಸೋದು, ಪಿಎಸ್176 ಥರದ ಚಿಪ್ ಇರೋದು, ಡಬ್ಬಿ ಮೇಲೆ 4ಕೆ 60 ಅಂತ ಇರ್ಬೇಕು. ಡಿಸ್‌ಪ್ಲೇಪೋರ್ಟ್ (ಡಿಪಿ) 1.2ರಲ್ಲಿ ಸೆಕೆಂಡಿಗೆ 17.28 ಗಿಗಾಬಿಟ್ ಹೋಗತ್ತೆ, ಪೂರ್ತಿ ಬಣ್ಣದ 4ಕೆ 60ಕ್ಕೆ ಸುಮಾರು 14 ಸಾಕು. ತಗೊಳ್ಳೋ ಮುಂಚೆ ಒಂದು ನೋಡಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಲ್ಲಿ ಫಿಸ್‌ಎಕ್ಸ್ ಪುಟಕ್ಕೆ ಹೋದ್ರೆ ಯಾವ ಪೋರ್ಟ್ ಪ್ರೊಸೆಸರಲ್ಲೇ ಇರೋ ಇಂಟೆಲ್ ಗ್ರಾಫಿಕ್ಸಿಗೆ, ಯಾವುದು 770ಎಂಗೆ ಅಂತ ತೋರಿಸತ್ತೆ.

ಮಲ್ನಾಡ್_ಮಾಡ್ಸ್
ಇನ್ನೊಂದು ದಾರಿನೂ ಇದೆ. ವೈಫೈ ಕಾರ್ಡ್ ತೆಗೆದು ಆ ಮಿನಿ ಪಿಸಿಐಇ ಸ್ಲಾಟಿಂದ ಇಎಕ್ಸ್‌ಪಿ ಜಿಡಿಸಿ ಡಾಕ್ (ಹೊರಗಡೆ ಗ್ರಾಫಿಕ್ಸ್ ಕಾರ್ಡ್ ಕೂರಿಸೋ ಬೋರ್ಡ್) ಎಳೆದು 1050 ಟಿಐ ಥರದ ಡೆಸ್ಕ್‌ಟಾಪ್ ಕಾರ್ಡ್ ಹಾಕಿದ್ರೆ ಟಿವಿ ವೈರ್ ನೇರ ಕಾರ್ಡಿಗೇ ಹೋಗತ್ತೆ, ಮದರ್‌ಬೋರ್ಡಿನ ಪೋರ್ಟ್ ಗೊಡವೆನೇ ಇಲ್ಲ. ಆದ್ರೆ ಅದು ಒಂದೇ ಲೇನ್ (ಡೇಟಾ ಹೋಗೋ ದಾರಿ), ಪಿಸಿಐಇ 2.0ಲಿ ಸೆಕೆಂಡಿಗೆ 500 ಎಂಬಿ, ಗೇಮಲ್ಲಿ ಏಟು ಬೀಳತ್ತೆ. ಬೇರೆ ಪವರ್ ಸಪ್ಲೈ ಬೇಕು, ಕೇಬಲ್ ಹಾಕೋದು ತೆಗೆಯೋದು ಎಲ್ಲ ಲ್ಯಾಪ್‌ಟಾಪ್ ಪೂರ್ತಿ ಆಫ್ ಇದ್ದಾಗ್ಲೇ, ವಿಂಡೋಸಲ್ಲಿ ಎರರ್ 12 (ಕಾರ್ಡಿಗೆ ಬೇಕಾದಷ್ಟು ರಿಸೋರ್ಸ್ ಸಿಗ್ತಿಲ್ಲ ಅನ್ನೋದು) ಬಂದ್ರೆ ಅದ್ರ ಹಿಂದೆ ಬೇರೆ ಓಡ್ಬೇಕು. ನಾನಾದ್ರೆ ಮೊದ್ಲು ಅಡಾಪ್ಟರ್ ನೋಡ್ತೀನಿ.

ತುಮಕೂರು_ಗೇಮರ್
ಮಿನಿ ಡಿಪಿ 770ಎಂ ಕೆಳಗೇ ತೋರಿಸ್ತು ಸರ್. ಆ್ಯಕ್ಟಿವ್ ಅಡಾಪ್ಟರ್ ಹಾಕ್ದೆ, 60 ಹರ್ಟ್ಸ್ ಆರ್‌ಜಿಬಿ (ಪೂರ್ತಿ ಬಣ್ಣ) ಬಂತು, ಅಕ್ಷರ ಕಣ್ಣಿಗೆ ಒತ್ತೋ ಹಂಗೆ ಸ್ಪಷ್ಟ!! ಟಿವಿ ಸೆಟ್ಟಿಂಗಲ್ಲಿ ಆ ಪೋರ್ಟಿಗೆ ಅಲ್ಟ್ರಾ ಎಚ್‌ಡಿ ಕಲರ್ ಆನ್ ಮಾಡೋವರೆಗೂ ಬರಲಿಲ್ಲ, ಬೇರೆಯವ್ರೂ ಇದನ್ನ ನೋಡ್ಕೊಳಿ. ಈಗ ಎರಡು ಡೌಟು. ಮಧ್ಯೆ ಮಧ್ಯೆ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಬರತ್ತೆ. ಗೇಮಿಗೋಸ್ಕರ 970ಎಂ ಹಾಕೋದು ಸರೀನಾ?

ಬೆಸುಗೆಕಡ್ಡಿ
ತುಂಬಾ ಖುಷಿ ಆಯ್ತು. ಗೇಮಿಗೆ ಅಂದ್ರೆ 970ಎಂ ಒಳ್ಳೇ ಆಯ್ಕೆ, ಬಿಸಿ 770ಎಂ ಆಸುಪಾಸೇ, 980ಎಂ ಆದ್ರೆ ಬಿಸಿ ಇನ್ನೂ ಜಾಸ್ತಿ. ಎಂಎಸ್‌ಐ ಲ್ಯಾಪ್‌ಟಾಪಿಂದ ತೆಗೆದಿರೋ ಕಾರ್ಡೇ ಹುಡುಕಿ, ವಿಬಯಾಸ್ (ಕಾರ್ಡಿನೊಳಗಿರೋ ಫರ್ಮ್‌ವೇರ್) ತಲೆನೋವು ಕಮ್ಮಿ, ಡ್ರೈವರ್ ಯಾವ ಕಾರ್ಡಿಗೆ ಅಂತ ಪಟ್ಟಿ ಇರೋ ಐಎನ್‌ಎಫ್ ಫೈಲಲ್ಲಿ ಕಾರ್ಡಿನ ಐಡಿ ಸೇರಿಸ್ಬೇಕಾಗಬಹುದು. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ ದಪ್ಪ ಅಳೆದೇ ತನ್ನಿ, ಪ್ಯಾಡ್ ದಪ್ಪ ಆದ್ರೆ ಹೀಟ್‌ಸಿಂಕ್ ಚಿಪ್ ಮೇಲೆ ಸರಿಯಾಗಿ ಕೂರಲ್ಲ. ಆದ್ರೆ 4ಕೆಲಿ ಹೊಸ ಗೇಮ್ ಓಡಿಸೋ ಆಸೆ ಬೇಡ, ಗೇಮನ್ನ 1080ಪಿಲೇ ಇಡಿ.

ಕಪ್ಪಾಗೋದಕ್ಕೆ ಮೊದ್ಲು ಕೇಬಲ್ ಬದಲಿಸಿ. ಪ್ರೀಮಿಯಂ ಹೈ ಸ್ಪೀಡ್, 18 ಗಿಗಾಬಿಟ್ ಅಂತ ಬರೆದಿರೋದು, 2 ಮೀಟರ್ ಒಳಗೆ. ಅಡಾಪ್ಟರಿಗೆ ಯುಎಸ್‌ಬಿ ಪವರ್ ವೈರ್ ಇದ್ರೆ ಅದನ್ನೂ ಹಾಕಿ ನೋಡಿ.