ಸೂರ್ಯನೊಳಗಿನ ಡಾರ್ಕ್ ಮ್ಯಾಟರ್: ಐಸ್‌ಕ್ಯೂಬ್‌ನಲ್ಲಿ ಬ್ಯಾಕ್‌ಗ್ರೌಂಡ್ ಕಳೆಯುವುದು ಹೇಗೆ?

ಕತ್ತಲೆಕಣ:
ವಿಂಪ್‌ಗಳು (ಡಾರ್ಕ್ ಮ್ಯಾಟರ್ ಇವುಗಳಿಂದಾಗಿದೆ ಎಂದು ಊಹಿಸಿರುವ ಕಣಗಳು) ಸೂರ್ಯನ ಒಡಲಿಗಿಳಿದು, ಒಂದನ್ನೊಂದು ಅಳಿಸಿಕೊಂಡು ನ್ಯೂಟ್ರಿನೊ (ಎಲ್ಲವನ್ನೂ ಸಲೀಸಾಗಿ ಹಾದುಹೋಗುವ ಕಣ) ಹೊರಬಿಡುತ್ತವೆ, ದಕ್ಷಿಣ ಧ್ರುವದ ಹಿಮದಾಳದಲ್ಲಿರುವ ಐಸ್‌ಕ್ಯೂಬ್ ಡಿಟೆಕ್ಟರ್ ಅವನ್ನು ಹುಡುಕುತ್ತದೆ ಅನ್ನುವವರೆಗೆ ಸರಿ. ಆದರೆ ಸೂರ್ಯ ಹೇಗೂ ನ್ಯೂಟ್ರಿನೊ ಸುರಿಸುತ್ತಲೇ ಇರುತ್ತಾನಲ್ಲ? ಬೇರ್ಪಡಿಸುವುದು ಹೇಗೆ? ಆ ನ್ಯೂಟ್ರಿನೊ ಎಣಿಕೆಯಿಂದ ಪ್ರೋಟಾನ್ ಕ್ರಾಸ್‌ಸೆಕ್ಷನ್‌ಗೆ (ವಿಂಪ್ ಪ್ರೋಟಾನ್‌ಗೆ ಡಿಕ್ಕಿ ಹೊಡೆಯುವ ಸಾಧ್ಯತೆಯ ಅಳತೆ) ಬರುವುದು ಹೇಗೆ?

ಹಿಮದಾಳ:
ಸೂರ್ಯನದು ತೊಂದರೆಯೇ ಅಲ್ಲ. ಬೈಜಿಕ ಸಮ್ಮಿಳನದ ನ್ಯೂಟ್ರಿನೊ 20 ಎಂಇವಿ ದಾಟುವುದಿಲ್ಲ. ನಾವು ಹುಡುಕುವುದು ಹತ್ತಾರು ಜಿಇವಿಯಿಂದ ಮೇಲಿನದನ್ನು (ಎರಡೂ ಕಣದ ಶಕ್ತಿಯ ಅಳತೆ; 1 ಜಿಇವಿ ಅಂದರೆ 1000 ಎಂಇವಿ). ತಲೆನೋವು ನಮ್ಮ ವಾತಾವರಣದ್ದು. ಮೇಲಿನಿಂದ ಸೆಕೆಂಡಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಮ್ಯುಆನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣ) ಬೀಳುತ್ತವೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಧ್ರುವದಲ್ಲಿ ಸೂರ್ಯ ದಿಗಂತದ ಕೆಳಗಿರುತ್ತಾನೆ, ಆಗ ಕೆಳಗಿನಿಂದ ಬರುವ ಜಾಡುಗಳನ್ನಷ್ಟೇ ತೆಗೆದುಕೊಂಡರೆ ಭೂಮಿಯೇ ಜರಡಿ: ಮ್ಯುಆನ್ ತಡೆದು ನ್ಯೂಟ್ರಿನೊ ಬಿಡುತ್ತದೆ. ಆದರೂ ಸೂರ್ಯ 23.5 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ದಿಕ್ಕು ತಪ್ಪಾಗಿ ಲೆಕ್ಕ ಬಿದ್ದ ಮ್ಯುಆನ್‌ಗಳು ಅಲ್ಲೇ ನುಸುಳುವುದು. ಅಲ್ಲಿನ ಬೇಸಿಗೆಯ (ಸೂರ್ಯ ದಿಗಂತದ ಮೇಲಿರುವಾಗಿನ) ಡೇಟಾ ಬೇಕಿದ್ದರೆ ಹೊರಗಿನ ಸ್ಟ್ರಿಂಗ್‌ಗಳನ್ನು (ಹಿಮದೊಳಗೆ ಇಳಿಬಿಟ್ಟ ಸೆನ್ಸರ್ ಸಾಲುಗಳು) ವೀಟೋ ಆಗಿ ಬಳಸಿ, ಅಂದರೆ ಅಲ್ಲಿ ಜಾಡು ಕಂಡ ಘಟನೆಗಳನ್ನು ಬಿಟ್ಟು, ಡೀಪ್‌ಕೋರ್ (ಐಸ್‌ಕ್ಯೂಬ್‌ನ ನಡುವಿನ ದಟ್ಟ ಭಾಗ) ಒಳಗೇ ಶುರುವಾದ ಘಟನೆಗಳನ್ನು ಮಾತ್ರ ಉಳಿಸಿಕೊಳ್ಳಿ.

ಇಷ್ಟಾದ ಮೇಲೂ ವಾತಾವರಣದ ನ್ಯೂಟ್ರಿನೊ ಉಳಿಯುತ್ತದೆ. 1965ರಲ್ಲಿ ಕೋಲಾರದ ಗಣಿಯಾಳದಲ್ಲಿ ಸಿಕ್ಕಾಗ ದೊಡ್ಡ ಸುದ್ದಿಯಾಗಿದ್ದದ್ದು ಇದೇ; ಇಲ್ಲಿ ಕಸ.

ಶೂನ್ಯರೇಖೆ:
ಆ ಕಸದ ಅಳತೆಗೆ ಸಿಮ್ಯುಲೇಶನ್ ನೆಚ್ಚಿಕೊಳ್ಳಬೇಡಿ. ಧ್ರುವದಲ್ಲಿರುವುದರಿಂದ ಸೂರ್ಯನ ಎತ್ತರ ಒಂದು ದಿನದಲ್ಲಿ ಹೆಚ್ಚುಕಡಿಮೆ ಬದಲಾಗದು. ಪ್ರತಿ ಜಾಡಿನ ಜೆನಿತ್ (ನೆತ್ತಿಯಿಂದ ಅಳೆದ ಕೋನ) ಹಾಗೇ ಇಟ್ಟು ಅಜಿಮತ್ (ದಿಗಂತದುದ್ದಕ್ಕೂ ಅಳೆದ ಕೋನ) ಕಲಸಿದರೆ ಡೇಟಾದಿಂದಲೇ ಬ್ಯಾಕ್‌ಗ್ರೌಂಡ್ ಸಿಗುತ್ತದೆ. ಟೈಮ್‌ಸ್ಟ್ಯಾಂಪ್ ನೋಡಿಕೊಳ್ಳಿ: 4 ನಿಮಿಷ ತಪ್ಪಿದರೆ ಸೂರ್ಯ 1 ಡಿಗ್ರಿ ಸರಿದಿರುತ್ತಾನೆ. 100 ಜಿಇವಿ ಆಸುಪಾಸಿನಲ್ಲಿ, ನ್ಯೂಟ್ರಿನೊ ಬಡಿದು ಹುಟ್ಟುವ ಮ್ಯುಆನ್ ಆ ನ್ಯೂಟ್ರಿನೊದ ದಿಕ್ಕಿನಿಂದಲೇ ಕೆಲವು ಡಿಗ್ರಿ ವಾಲುತ್ತದೆ, ಹಾಗಾಗಿ ಗೆರೆ ಕೊರೆದಂಥ ಕಿಟಕಿಯೊಳಗೆ ಎಣಿಸುವ ಬದಲು ಪ್ರತಿ ಘಟನೆಯ ಕೋನದ ಅನಿಶ್ಚಿತತೆ ಸೇರಿಸಿ ಲೈಕ್ಲಿಹುಡ್ (ಅದು ಸೂರ್ಯನಿಂದ ಬಂದಿರುವ ಸಂಭವ ಎಷ್ಟು ಎಂಬ ಲೆಕ್ಕ) ಹಾಕಿ.

ಕ್ರಾಸ್‌ಸೆಕ್ಷನ್‌ಗೆ: 460 ಕೋಟಿ ವರ್ಷದಲ್ಲಿ ಸೆರೆ ಮತ್ತು ನಾಶ ಸಮತೋಲಕ್ಕೆ ಬಂದಿವೆ ಅಂದುಕೊಂಡರೆ, ನಾಶದ ದರ ಸೆರೆಯ ದರದ ಅರ್ಧ, ಏಕೆಂದರೆ ಒಂದು ಸಲಕ್ಕೆ ಎರಡು ಕಣ ಹೋಗುತ್ತವೆ. ನ್ಯೂಟ್ರಿನೊ ಎಣಿಕೆಯಿಂದ ನಾಶದ ದರ, ಅದರಿಂದ ಸೆರೆಯ ದರ, ಅದರಿಂದ ಕ್ರಾಸ್‌ಸೆಕ್ಷನ್. ಸೂರ್ಯನಲ್ಲಿ ಹೈಡ್ರೋಜನ್ನೇ ಜಾಸ್ತಿ, ಅದಕ್ಕೇ ಸ್ಪಿನ್ ಅವಲಂಬಿತ (ಡಿಕ್ಕಿ ಪ್ರೋಟಾನಿನ ಸ್ಪಿನ್ ಮೇಲೆ ನಿಂತಿರುವ) ಕ್ರಾಸ್‌ಸೆಕ್ಷನ್‌ನ ಮಿತಿ ಗಟ್ಟಿಯಾಗಿ ಬರುತ್ತದೆ. ಈವರೆಗೆ ಸಿಕ್ಕಿರುವುದೆಲ್ಲ ಮಿತಿಗಳೇ, ಸಿಗ್ನಲ್ ಅಲ್ಲ. ಚಾನೆಲ್ (ವಿಂಪ್‌ಗಳು ಅಳಿದಾಗ ಯಾವ ಕಣಗಳು ಹುಟ್ಟುತ್ತವೆ ಎಂಬುದು) ಹೇಳದೆ ಮಿತಿ ಬರೆದರೆ ಅದಕ್ಕೆ ಅರ್ಥವಿಲ್ಲ.

ಕತ್ತಲೆಕಣ:
ಬಾಟಮ್ ಕ್ವಾರ್ಕ್ ಚಾನೆಲ್‌ನ ಮಿತಿ ಯಾಕೆ ಅಷ್ಟು ಸಡಿಲ?

ಹಿಮದಾಳ:
ಅದರಿಂದ ಹುಟ್ಟುವ ಪಯಾನ್‌ಗಳು (ಕ್ಷಯಿಸಿ ನ್ಯೂಟ್ರಿನೊ ಕೊಡುವ ಅಲ್ಪಾಯುಷಿ ಕಣಗಳು) ಸೂರ್ಯನ ದಟ್ಟ ಒಡಲಲ್ಲಿ (ಘನ ಸೆಂಟಿಮೀಟರಿಗೆ ಸುಮಾರು 150 ಗ್ರಾಂ) ವೇಗ ಕಳೆದುಕೊಂಡ ಮೇಲೆ ಕ್ಷಯಿಸುತ್ತವೆ. ಉಳಿದ ನ್ಯೂಟ್ರಿನೊಗಳ ಶಕ್ತಿಯೂ ಕಡಿಮೆ. ಡೀಪ್‌ಕೋರ್‌ಗೆ ಸುಮಾರು 10 ಜಿಇವಿ ಕೆಳಗಿನದು ಕಾಣುವುದೇ ಕಷ್ಟ. ಟೌ (ಎಲೆಕ್ಟ್ರಾನಿನ ಇನ್ನೊಂದು ಭಾರದ ಬಂಧು) ನಿಲ್ಲುವ ಮೊದಲೇ ಕ್ಷಯಿಸುವುದರಿಂದ ಆ ಚಾನೆಲ್‌ನ ಮಿತಿ ಬಿಗಿ. ಹಗುರ ವಿಂಪ್ ಬೇಕಿದ್ದರೆ ಜಪಾನಿನ ಸೂಪರ್-ಕಾಮಿಯೋಕಾಂಡೆ ಡಿಟೆಕ್ಟರ್ ನೋಡಿ.