ದಾಳಿಂಬೆ ರಸ, ಪಿಎಸ್‌ಎ, ಪ್ರಾಸ್ಟೇಟ್ ಕ್ಯಾನ್ಸರ್: ಎಷ್ಟು ನಂಬಬಹುದು?

ಪ್ರಶ್ನೆ (ತಿಳಿಗೊಳ):
ದಾಳಿಂಬೆಯಲ್ಲಿರುವ ಪ್ಯುನಿಕಲಾಜಿನ್ ಎಂಬ ಸಸ್ಯರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅಂತ ಎಲ್ಲೆಡೆ ಓದುತ್ತಿದ್ದೇನೆ. ದಿನಕ್ಕೊಂದು ಲೋಟ ರಸ ಕುಡಿದವರಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಗಮನಿಸಲು ರಕ್ತದಲ್ಲಿ ಅಳೆಯುವ ಪ್ರೋಟೀನ್) ದುಪ್ಪಟ್ಟಾಗುವ ಅವಧಿ 15ರಿಂದ 54 ತಿಂಗಳಿಗೆ ಏರಿತಂತೆ. ನಿಜವೇ? ಕಾಳು ತಿನ್ನಬೇಕೋ, ರಸ ಕುಡಿಯಬೇಕೋ, ಸಾರದ ಕ್ಯಾಪ್ಸೂಲೋ? ಚಿಕಿತ್ಸೆ ನಡೆಯುವಾಗ ತೊಂದರೆ ಇದೆಯೇ?

ಉತ್ತರ 1 (ಕೋಶಕೇಂದ್ರ):
ಅಂಕಿ ನಿಜ, ಅರ್ಥ ಬೇರೆ. ಅದು 2006ರ ಅಧ್ಯಯನ. ಐವತ್ತಕ್ಕೂ ಕಡಿಮೆ ಜನ, ದಿನಕ್ಕೆ ಸುಮಾರು 240 ಮಿ.ಲೀ. ರಸ, ಹೋಲಿಸಿ ನೋಡಲು ಇನ್ನೊಂದು ಗುಂಪೇ ಇಲ್ಲ. ಪಿಎಸ್‌ಎ ಏರುತ್ತಿರುವವರನ್ನೇ ಆರಿಸಿಕೊಂಡರೆ ಏನೂ ಕೊಡದಿದ್ದರೂ ಕೆಲವರಲ್ಲಿ ಏರಿಕೆ ತಾನಾಗಿ ನಿಧಾನವಾಗುತ್ತದೆ. 2015ರಲ್ಲಿ ಪ್ಲಸೀಬೊ (ಔಷಧಿಯಂತೆಯೇ ಕಾಣುವ ಖಾಲಿ ನಕಲು) ಇಟ್ಟು ನಡೆಸಿದ ಪ್ರಯೋಗದಲ್ಲಿ ಇದು ಎದ್ದು ಕಂಡಿತು: ಪ್ಲಸೀಬೊ ಗುಂಪಿನಲ್ಲೂ ಅವಧಿ 11.1ರಿಂದ 15.6 ತಿಂಗಳಿಗೆ ಹೋಯಿತು. ರಸದ ಗುಂಪಿನಲ್ಲಿ 12.7ರಿಂದ 20.3. ಆದರೆ ಗುಂಪುಗಳ ನಡುವಿನ ಅಂತರ ಸಾಂಖ್ಯಿಕವಾಗಿ ನಿಲ್ಲಲಿಲ್ಲ, ಅಂದರೆ ಅದು ಆಕಸ್ಮಿಕವೂ ಆಗಿರಬಹುದು. ಜನ ಹಂಚಿಕೊಳ್ಳುವುದು ಮಾತ್ರ ಇವತ್ತಿಗೂ 54ನ್ನೇ!

ಉತ್ತರ 2 (ಕರುಳುಬಳ್ಳಿ):
ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಪರಿಣಾಮ ಕಾಣಲು ಸಾಮಾನ್ಯವಾಗಿ 10ರಿಂದ 100 ಮೈಕ್ರೊಮೋಲಾರ್ (ದ್ರವದಲ್ಲಿ ವಸ್ತುವಿನ ಸಾಂದ್ರತೆಯ ಅಳತೆ) ಹಾಕುತ್ತಾರೆ. ಪ್ಯುನಿಕಲಾಜಿನ್ ಅಣು ದೊಡ್ಡದು, ಇಡಿಯಾಗಿ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಒಡೆದು ಬರುವ ಎಲಾಜಿಕ್ ಆಮ್ಲದ ಲೆಕ್ಕ ನೋಡಿ: 180 ಮಿ.ಲೀ. ರಸ ಕುಡಿದ ಒಂದು ಗಂಟೆಗೆ ರಕ್ತದಲ್ಲಿ ಸುಮಾರು 32 ನ್ಯಾನೊಗ್ರಾಂ/ಮಿ.ಲೀ., ಅಂದರೆ 0.1 ಮೈಕ್ರೊಮೋಲಾರ್. ನಾಲ್ಕು ಗಂಟೆಗೆ ಅದೂ ಮಾಯ. ಕನಿಷ್ಠ ನೂರು ಪಟ್ಟು ಅಂತರ.

ಉಳಿದದ್ದನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಯುರೊಲಿಥಿನ್ ಎಂಬ ಸಣ್ಣ ಅಣುಗಳಾಗಿ ಮಾರ್ಪಡಿಸುತ್ತವೆ. ಇವು ಹೆಚ್ಚು ಹೊತ್ತು ಉಳಿಯುತ್ತವೆ, ಆದರೆ ರಕ್ತದಲ್ಲಿ ಬಹುಪಾಲು ಗ್ಲುಕುರೊನೈಡ್ (ದೇಹ ವಸ್ತುಗಳನ್ನು ಹೊರಹಾಕಲು ಅಂಟಿಸುವ ಸಕ್ಕರೆಯಂಥ ಭಾಗ) ಜೋಡಿಸಿಕೊಂಡ ರೂಪದಲ್ಲಿ. ಆ ರೂಪದ ಚಟುವಟಿಕೆ ಕಡಿಮೆ. ಎಲ್ಲರ ಕರುಳಿನಲ್ಲೂ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ಕೆಲವರಲ್ಲಿ ಯುರೊಲಿಥಿನ್ ತಯಾರಾಗುವುದೇ ಇಲ್ಲ. ಹಾಗಾಗಿ 'ದಿನಕ್ಕೆ ಇಷ್ಟು ಕುಡಿಯಿರಿ' ಎಂಬ ಒಂದೇ ಪ್ರಮಾಣ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಉತ್ತರ 3 (ಮಾತ್ರೆಲೆಕ್ಕ):
ಕಾಳೋ ರಸವೋ ಎಂಬುದಕ್ಕೆ: ಪ್ಯುನಿಕಲಾಜಿನ್ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಇಡೀ ಹಣ್ಣನ್ನು ಹಿಂಡಿದ ರಸದಲ್ಲಿ ಅದು ಇಳಿದು ಬರುತ್ತದೆ, ಬಿಡಿಸಿದ ಕಾಳಿನ ರಸದಲ್ಲಿ ಅಲ್ಪ. ಮನೆಯಲ್ಲಿ ಕಾಳು ಅರೆದು ಸೋಸಿದರೆ ಅಧ್ಯಯನದ ರಸ ಸಿಗಲಿಲ್ಲ, ನಾರೂ ಹೋಯಿತು ಎಂದಾಗುತ್ತದೆ. 250 ಮಿ.ಲೀ. ರಸದಲ್ಲಿ ಸಕ್ಕರೆ ಸುಮಾರು 30 ಗ್ರಾಂ, ಪೊಟ್ಯಾಸಿಯಂ 500 ಮಿ.ಗ್ರಾಂ. ಮೇಲೆ. ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಹಣ್ಣು ಇಷ್ಟವಿದ್ದರೆ ಕಾಳು ತಿನ್ನಿ, ಔಷಧಿ ಅಂತ ಅಲ್ಲ.

ಚಿಕಿತ್ಸೆಯ ನಡುವೆ ಕ್ಯಾಪ್ಸೂಲ್ ಬೇಡ. ಪ್ರಯೋಗನಾಳದಲ್ಲಿ ದಾಳಿಂಬೆ ರಸ ಹಲವು ಔಷಧಿಗಳನ್ನು ಒಡೆಯುವ ಯಕೃತ್ತಿನ ಸಿವೈಪಿ3ಎ4 ಕಿಣ್ವವನ್ನು ತಡೆಯುತ್ತದೆ. ಮನುಷ್ಯರಲ್ಲಿ ರಸದ ಪರಿಣಾಮ ಅಷ್ಟಾಗಿ ಕಂಡಿಲ್ಲ, ಆದರೆ ಸಾಂದ್ರ ಸಾರಕ್ಕೂ ಅದೇ ಭರವಸೆ ಕೊಡಲಾಗದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ರಸವನ್ನು ದಿಢೀರನೆ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಬೇಡ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) ಏರುಪೇರಾದ ಪ್ರಕರಣಗಳು ವರದಿಯಾಗಿವೆ. ಈಗಾಗಲೇ ಕುಡಿಯುತ್ತಿದ್ದರೆ ಪ್ರಮಾಣ ಸಮೇತ ಆಂಕಾಲಜಿಸ್ಟ್‌ಗೆ ಹೇಳಿ. ಕ್ಯಾಪ್ಸೂಲ್ ಆದರೆ ಡಬ್ಬಿಯನ್ನೇ ಒಯ್ದು ತೋರಿಸಿ.