ಕೋಳಿ ಸಾಕಿ ಮನೆ ಸಾಲ ತೀರಿಸಿದವರ ಫಾರ್ವರ್ಡ್

ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಕಾಕಾ ಒಂದು ಫಾರ್ವರ್ಡ್ ಹಾಕಿದರು. ಯಾರೋ ಗಂಡ ಹೆಂಡತಿ, 20 ವರ್ಷದ ಮನೆ ಸಾಲವನ್ನು 9 ವರ್ಷಕ್ಕೇ ತೀರಿಸಿದರಂತೆ. ಹೊರಗಿನ ಊಟ ಬಿಟ್ಟರಂತೆ, ಹಿತ್ತಲಲ್ಲಿ ಕೋಳಿ ಸಾಕಿದರಂತೆ. ಊರಿಲ್ಲ, ಹೆಸರಿಲ್ಲ. ಕಾಕಾ ಅದನ್ನು ಯಾರಿಗೆ ಹಾಕಿದರು ಅಂತ ಎಲ್ಲರಿಗೂ ಗೊತ್ತಿತ್ತು. ಅವರ ಮಗ, ಅಂದರೆ ನಮ್ಮ ತಮ್ಮ, ಕಲಬುರಗಿಯ ಜೇವರ್ಗಿ ರಸ್ತೆ ಕಡೆ ಮನೆ ಕಟ್ಟಿಸಿ 20 ಲಕ್ಷ ಸಾಲ ಮಾಡಿದ್ದಾನೆ. ವಾರಕ್ಕೆ ಎರಡು ಸಲ ಹೊರಗಿಂದ ಊಟ ತರಿಸುತ್ತಾನೆ.

ಪುಣೆ ಅಣ್ಣ: ಇದಕ್ಕೆ ಆಧಾರ ಏನು ಕಾಕಾ? ಸಾಲ ಎಷ್ಟು, ಬಡ್ಡಿ ಎಷ್ಟು, ಏನೂ ಇಲ್ಲವಲ್ಲ.

ಕಾಕಾ: ಒಳ್ಳೆ ಮಾತಿಗೆ ಆಧಾರ ಯಾಕೆ ಬೇಕಪ್ಪಾ?

ಪುಣೆ ಅಣ್ಣ: ಹೋದ ತಿಂಗಳು ಬೇವಿನ ರಸ ಕುಡಿದರೆ ಶುಗರ್ ಹೋಗುತ್ತದೆ ಅಂತ ಹಾಕಿದವರೂ ನೀವೇ ಅಲ್ವಾ?

ದೊಡ್ಡಪ್ಪ: ದೊಡ್ಡವರ ಜೊತೆ ಮಾತಾಡುವ ರೀತಿ ಇದೇನಾ? ಈಗಿನವರಿಗೆ ದುಡಿಯುವುದು ಗೊತ್ತು, ಉಳಿಸುವುದು ಗೊತ್ತಿಲ್ಲ. ನಮ್ಮವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮೇಲೆಯೇ ನಮ್ಮನ್ನೆಲ್ಲ ಬೆಳೆಸಿದಳು. ಅಡುಗೆ ಮಾತು ಸರಿ ಇದೆ. ಕೋಳಿ ಮಾತು ಬೇಡ. ನಮ್ಮ ಮನೆಯೊಳಗೆ ತತ್ತಿ ಬಂದಿಲ್ಲ, ಬರುವುದೂ ಬೇಡ.

ತಮ್ಮ: ದೊಡ್ಡಪ್ಪಾ, ನನ್ನ ಮಕ್ಕಳು ತತ್ತಿ ತಿನ್ನುತ್ತಾರೆ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅಲ್ಲೇ ಜಗಳ ಶುರುವಾಗುತ್ತಿತ್ತು. ಯಾದಗಿರಿ ಅಕ್ಕ ನಡುವೆ ಬಂದಳು.

ಯಾದಗಿರಿ ಅಕ್ಕ: ತತ್ತಿ ಅಂದ ಕೂಡಲೇ ಆಳಂದದ ಹಳೆ ಮನೆ ನೆನಪಾಯಿತು. ಪಕ್ಕದ ಮನೆ ಕೋಳಿ ನಮ್ಮ ಕಣಕಿ ಬಣವಿಯೊಳಗೆ ತತ್ತಿ ಇಡುತ್ತಿತ್ತು. ಅಜ್ಜಿ ಸೆರಗಿನಲ್ಲಿ ಹಿಡಿದುಕೊಂಡು ಹೋಗಿ ಅವರಿಗೇ ಕೊಟ್ಟು ಬರುತ್ತಿದ್ದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಂಡದ್ದು ನೆನಪಿದೆಯಾ? ಯಾರ ಹತ್ತಿರ ಫೋಟೋ ಇದೆ?

ಫೋಟೋ ಬಂತು. ಸಾಲ ಪಕ್ಕಕ್ಕೆ ಹೋಯಿತು. ಯಾರು ಎಷ್ಟು ತೆಳ್ಳಗಿದ್ದರು, ಆ ಎತ್ತು ಯಾರದು, ಅದೇ ಮಾತು. ಆಗ ಅತ್ತಿ ಬರೆದರು.

ಅತ್ತಿ: ಅದರಲ್ಲಿ ನನ್ನ ಕೊರಳಿನ ಸರ ನೋಡಿ. ನನ್ನ ತಮ್ಮ, ಅಂದರೆ ನಿಮ್ಮ ಕಾಕಾನ ಅಂಗಡಿಗೆ ಅಂತ ಅಡ ಇಡಲು ಕೊಟ್ಟದ್ದು ಅದೇ. ಬ್ಯಾಂಕ್ ಸಾಲದ ಮಾತು ಆಮೇಲೆ ಆಡೋಣ.

ಕಾಕಾ: ಅಕ್ಕಾ, ಬಿಡಿಸಿ ಕೊಟ್ಟಿದ್ದೇನಲ್ಲ.

ಅತ್ತಿ: ಎಷ್ಟು ವರ್ಷಕ್ಕೆ? ಅಲ್ಲಿವರೆಗೆ ಬಡ್ಡಿ ಕಟ್ಟಿದವರು ಯಾರು? ನಮ್ಮ ಯಜಮಾನರು.

ದೊಡ್ಡಪ್ಪ "ಇದು ಗುಂಪಿನಲ್ಲಿ ಆಡುವ ಮಾತಲ್ಲ" ಅಂದರು. ನನಗೆ ಹಾಗನಿಸಲಿಲ್ಲ. ಬ್ಯಾಂಕಿನ ಬಡ್ಡಿ ಕಾಗದದ ಮೇಲೆ ಕಾಣುತ್ತದೆ. ಅಕ್ಕ ತಂಗಿಯರ ಬಂಗಾರದ ಮೇಲಿನ ಬಡ್ಡಿ ಯಾವ ಕಾಗದದಲ್ಲೂ ಇಲ್ಲ. ಅತ್ತಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಆಮೇಲೆ ತಮ್ಮನ ಹೆಂಡತಿ ಬರೆದಳು. ಗುಂಪಿನಲ್ಲಿ ಅವಳು ಮಾತಾಡುವುದೇ ಕಡಿಮೆ.

ಅವಳು: ಎಲ್ಲರೂ ಮನೆ ಅಡುಗೆ ಅಂತೀರಿ. ನಾನು ಎಂಟೂವರೆಗೆ ಶಾಲೆಗೆ ಹೊರಡಬೇಕು. ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವವರು ಯಾರು?

ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಈ ಪ್ರಶ್ನೆ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ, ಬಿಸಿ ಇರುವಾಗಲೇ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಬೇಕು. ಇಲ್ಲದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು, ತಿರುವಬೇಕು, ಉಬ್ಬುವವರೆಗೆ ಕಾಯಬೇಕು. ಮನೆ ಮಂದಿಗೆಲ್ಲ ಆಗುವಷ್ಟು ರೊಟ್ಟಿ ಅಂದರೆ ಒಂದು ತಾಸಿನ ಕೆಲಸ. ಫಾರ್ವರ್ಡಿನಲ್ಲಿ "ಮನೆ ಅಡುಗೆ" ಅಂತ ಎರಡೇ ಪದ. ಹಾಗಾಗಿ ನಾನು ಬರೆದೆ: ರಜೆ ದಿನ ಗಂಡ ಹೆಂಡತಿ ಇಬ್ಬರೂ ಕೂತು ಖಡಕ್ ರೊಟ್ಟಿ ಮಾಡಿಕೊಳ್ಳಿ, ವಾರಗಟ್ಟಲೆ ಕೆಡುವುದಿಲ್ಲ. ಆಗದಿದ್ದರೆ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವವರಿಂದ ತನ್ನಿ. ತೊಗರಿಬೇಳೆಗಂತೂ ನಮ್ಮಲ್ಲಿ ಬರವಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗೇ, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಗುರುತೇ ಸಿಕ್ಕಿದೆ. ರೊಟ್ಟಿ ತಂದು ಬೇಳೆ, ಪಲ್ಯ ಮನೆಯಲ್ಲಿ ಮಾಡಿಕೊಂಡರೂ ಹೊರಗಿನ ಊಟಕ್ಕಿಂತ ಎಷ್ಟೋ ಕಡಿಮೆ.

ಪುಣೆ ಅಣ್ಣ ಲೆಕ್ಕ ಕೇಳಿದ್ದನಲ್ಲ, ಅದನ್ನೂ ಹಾಕಿದೆ. 20 ಲಕ್ಷ, ಶೇಕಡಾ 8.5 ಬಡ್ಡಿ, 20 ವರ್ಷ. ಕಂತು ಸುಮಾರು 17,356 ರೂಪಾಯಿ. ಮೊದಲ ತಿಂಗಳು ಅದರಲ್ಲಿ 14,167 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 3,189 ಅಷ್ಟೇ. ಈಗಿನಿಂದಲೇ ತಿಂಗಳಿಗೆ 3,000 ಜಾಸ್ತಿ ಅಸಲಿಗೆ ಕಟ್ಟಿದರೆ ಸಾಲ ಸುಮಾರು 14 ವರ್ಷಕ್ಕೆ ಮುಗಿಯುತ್ತದೆ. ಬಡ್ಡಿಯಲ್ಲಿ 7 ಲಕ್ಷದ ಮೇಲೆ ಉಳಿಯುತ್ತದೆ. ಇದೇ ಹಣವನ್ನು ಹತ್ತು ವರ್ಷ ಬಿಟ್ಟು ಕಟ್ಟಲು ಶುರು ಮಾಡಿದರೆ ಇಷ್ಟು ಉಳಿಯುವುದಿಲ್ಲ. ಎರಡು ಊಟ ಬಿಟ್ಟು ಉಳಿದ ದುಡ್ಡು ಬಟ್ಟೆಗೋ ಮೊಬೈಲಿಗೋ ಹೋದರೆ ಸಾಲ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಪುಣೆ ಅಣ್ಣ: 9 ವರ್ಷ ಆಗಲಿಲ್ಲವಲ್ಲ. ನಾನು ಹೇಳಿದ್ದೇ ಸರಿ.

ಕಾಕಾ: ಸಾಲ ಬೇಗ ತೀರುತ್ತದೆ ಅಂತ ತಾನೇ ಆಯಿತು? ನಾನು ಹೇಳಿದ್ದೇ ಸರಿ.

ಕೋಳಿ ವಿಷಯ ತಿಳಿದವರು ಬೀದರದ ಮಾಮಾ ಒಬ್ಬರೇ. ಊರಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಲ್ಲಿನವರನ್ನು ಕೇಳಿಯೇ ಅವರು ಕೋಳಿ ಸಾಕಿದ್ದು.

ಮಾಮಾ: ನಾಟಿ ಕೋಳಿ ವರ್ಷಕ್ಕೆ 60ರಿಂದ 80 ತತ್ತಿ ಇಟ್ಟರೆ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿ ಅದಕ್ಕಿಂತ ಜಾಸ್ತಿ ಇಡುತ್ತದೆ, ಆದರೆ ಮೈ ದೊಡ್ಡದು, ಮೇವೂ ಜಾಸ್ತಿ. ನಮ್ಮ ಬಿಸಿಲಿಗೆ ಏಪ್ರಿಲ್, ಮೇನಲ್ಲಿ ತತ್ತಿ ಇಳಿಯುತ್ತದೆ. ನೆರಳು, ತಣ್ಣೀರು ಇಲ್ಲದಿದ್ದರೆ ಕೋಳಿಯೇ ಉಳಿಯುವುದಿಲ್ಲ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದಿದ್ದರೆ ಗೂಡೇ ಖಾಲಿ. ಐದಾರು ಕೋಳಿಯಿಂದ ಮಕ್ಕಳಿಗೆ ತತ್ತಿ ಸಿಗುತ್ತದೆ, ಕಂತು ಕಟ್ಟಲು ಆಗುವುದಿಲ್ಲ.

ದೊಡ್ಡಪ್ಪ: ನೀವೂ ಕೋಳಿ ಸಾಕಿದ್ದೀರಾ? ನಮಗೆ ಯಾಕೆ ಹೇಳಲಿಲ್ಲ?

ಮುಂದಿನ ಮಾತೆಲ್ಲ ಅದರ ಮೇಲೆಯೇ. ಮಾಮಾ ಹೇಳಿದರೋ ಇಲ್ಲವೋ, ಅತ್ತಿಯವರಿಗೆ ಗೊತ್ತಿತ್ತೋ ಇಲ್ಲವೋ, ಹೋದ ಸಲ ಬೀದರಕ್ಕೆ ಹೋದಾಗ ದೊಡ್ಡಪ್ಪ ಅಲ್ಲಿ ಉಂಡದ್ದು ಯಾವ ಪಾತ್ರೆಯಲ್ಲಿ.

ತಮ್ಮ ನನಗೆ ಬೇರೆಯಾಗಿ ಮೆಸೇಜ್ ಮಾಡಿದ: "ಅಕ್ಕಾ, ಜಾಸ್ತಿ ಕಟ್ಟಿದರೆ ಬ್ಯಾಂಕಿನವರು ದಂಡ ಹಾಕುತ್ತಾರಾ?"

ಇಲ್ಲ ಅಂದೆ. ಬದಲಾಗುವ ಬಡ್ಡಿಯ ಮನೆ ಸಾಲ ಮುಂಚೆ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. 2012ರಲ್ಲೇ ರಿಸರ್ವ್ ಬ್ಯಾಂಕ್ ಹಾಗೆ ಹೇಳಿದೆ. ನಿನ್ನದು ಬದಲಾಗುವ ಬಡ್ಡಿಯೋ ಸ್ಥಿರ ಬಡ್ಡಿಯೋ ಮೊದಲು ಕಾಗದ ತೆಗೆದು ನೋಡು. ಕಟ್ಟುವಾಗ "ಇದು ಅಸಲಿಗೆ, ಕಂತು ಇದ್ದಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡು. ಕಂತು ಇಳಿಸಿಕೊಂಡರೆ ತಿಂಗಳ ಹೊರೆ ಹಗುರಾಗುತ್ತದೆ, ಸಾಲ ಮಾತ್ರ 20 ವರ್ಷ ಎಳೆಯುತ್ತದೆ. ಕಟ್ಟಿದ ಮೇಲೆ ಬಾಕಿಯ ಸ್ಟೇಟ್‌ಮೆಂಟ್ ತಗೋ, ಹೆಂಡತಿಗೂ ತೋರಿಸು. ಉಳಿಸಿದ್ದರಲ್ಲಿ ಅವಳ ಬೆಳಗಿನ ಒಂದು ತಾಸೂ ಇದೆ.